ಮಗಳು ಬ್ಯಾಡ್ಮಿಂಟನ್ ಬಿಡ್ತೀನಿ ಅಂದಾಗ

ಶಿವಮೊಗ್ಗದಲ್ಲಿ ಮಕ್ಕಳನ್ನು ರ‍್ಯಾಂಕಿಂಗ್ ಟೂರ್ನಮೆಂಟ್‌ಗಳಿಗೆ ಕರೆದುಕೊಂಡು ಓಡಾಡುವ ಅಪ್ಪ ಅಮ್ಮಂದಿರು ಈಗ ಜಾಸ್ತಿ ಆಗಿದ್ದಾರೆ. ಅವರಲ್ಲಿ ಹೆಚ್ಚಿನವರ ಮನೆಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಬಿಡಿಸೋದಾ, ಮುಂದುವರಿಸೋದಾ? ನಮ್ಮ ಮನೆಗೆ ಕಳೆದ ವರ್ಷ ಬಂತು, ಮಗಳು ಎಂಟನೇ ಕ್ಲಾಸ್‌ನಲ್ಲಿ ಇದ್ದಾಗ. ಮೊದಲೇ ಹೇಳಿಬಿಡುತ್ತೇನೆ, ನಾವು ಬಿಡಿಸಿದೆವು. ಆದರೆ ಅವಳು ಮೊದಲ ಸಲ "ಬೇಡ" ಅಂದಾಗಲೇ ಬಿಡಿಸಲಿಲ್ಲ. ಅದು ಸರಿ ಅಂತಲೇ ಈಗಲೂ ನನ್ನ ನಂಬಿಕೆ. ಮಕ್ಕಳ "ಬೇಡ" ಒಳಗೆ ನಾಲ್ಕೈದು ಕಾರಣ ಸೇರಿಕೊಂಡಿರುತ್ತವೆ. ಅವನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಸರಿ ಮಾಡೋಕೆ ಆಗುವುದನ್ನು ಸರಿ ಮಾಡಬೇಕು. ಆಮೇಲೂ "ಬೇಡ" ಉಳಿದರೆ ಅದನ್ನು ಒಪ್ಪಿಕೊಳ್ಳಬೇಕು. ನಾವು ಏನೇನು ನೋಡಿದೆವು ಅಂತ ಬರೆಯುತ್ತೇನೆ, ಇದೇ ಜಾಗದಲ್ಲಿ ನಿಂತಿರುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಬ್ಯಾಡ್ಮಿಂಟನ್ ನಮ್ಮ ಮಲೆನಾಡಿಗೆ ಹೇಳಿ ಮಾಡಿಸಿದ ಆಟ. ಮಳೆ ಹಿಡಿಯಿತು ಅಂದರೆ ಮೈದಾನಕ್ಕೆ ಕಾಲಿಡೋಕೆ ಆಗಲ್ಲ, ಒಳಗೆ ಆಡುವ ಆಟವೇ ಗತಿ. ಗರಿಯ ಶಟಲ್ ಕೂಡ ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ ಬಾಳಿಕೆ ಬರುತ್ತದೆ, ತೇವ ಇದ್ದರೆ ಗರಿ ಬೇಗ ಮುರಿಯುವುದಿಲ್ಲ. ಮಾರ್ಚ್ ಏಪ್ರಿಲ್ ಬಂತೋ, ಒಣ ಗಾಳಿಗೆ ಪಟಪಟ ಉದುರುತ್ತವೆ. ಆಗ ಡಬ್ಬದ ಮುಚ್ಚಳ ತೆಗೆದು ಶಟಲ್‌ಗಳಿಗೆ ಹಬೆ ಹಿಡಿಸಿ ಇಡುವುದು ಮನೆಯಲ್ಲಿ ನನ್ನ ಕೆಲಸವಾಗಿತ್ತು. ಒಂದು ಶಟಲ್‌ಗೆ 16 ಗರಿ, ತೂಕ 5 ಗ್ರಾಂ ಆಸುಪಾಸು. ಇಷ್ಟು ಹಗುರ ವಸ್ತುವಿಗೆ ಎಷ್ಟು ದುಡ್ಡು ಹೋಗುತ್ತದೆ ಅಂತ ಆಡುವ ಮಕ್ಕಳ ಮನೆಯವರಿಗೇ ಗೊತ್ತು. ಅದರ ಮೇಲೆ ಕೋಚಿಂಗ್ ಫೀಸ್, ಶೂ, ಗಟ್ಟಿಂಗ್ (ಬ್ಯಾಟಿಗೆ ಕಟ್ಟುವ ದಾರ), ಗ್ರಿಪ್. ಬ್ಯಾಟಿನ ಗಟ್ಟಿಂಗ್ ಹರಿಯುವುದು ಯಾವಾಗಲೂ ಟೂರ್ನಮೆಂಟಿನ ಹಿಂದಿನ ದಿನವೇ.

ಅವಳು ಶುರು ಮಾಡಿದ್ದು ಬೇಸಿಗೆ ಕ್ಯಾಂಪಿನಲ್ಲಿ, ಎರಡನೇ ಕ್ಲಾಸ್ ಮುಗಿಸಿದ ರಜೆಯಲ್ಲಿ. ಕೋಚ್ ಸರ್ ಅವಳ ಕಾಲಿನ ಓಟ ನೋಡಿ ಬೆಳಿಗ್ಗೆ ಬ್ಯಾಚ್‌ಗೂ ಹಾಕಿ ಅಂದರು. ಹಾಕಿದೆವು. ಅವಳಿಗೆ ಖುಷಿ ಇತ್ತು, ಅದರಲ್ಲಿ ಅನುಮಾನವೇ ಇಲ್ಲ. ಶಟಲ್ ಇಲ್ಲದೆ ಬರೀ ಓಟ, ಹೊಡೆತ ಅಭ್ಯಾಸ ಮಾಡುವ ಶ್ಯಾಡೋ ಪ್ರಾಕ್ಟೀಸ್ ಅಂದರೆ ಬೇರೆ ಮಕ್ಕಳು ಮುಖ ಸಿಂಡರಿಸುತ್ತಿದ್ದರು, ಇವಳು ಮನೆಗೆ ಬಂದು ಹಾಲ್‌ನಲ್ಲೂ ಮಾಡುತ್ತಿದ್ದಳು. ಜಿಲ್ಲಾ ಮಟ್ಟದಲ್ಲಿ ಗೆದ್ದಳು. ಆಮೇಲೆ ರಾಜ್ಯದ ರ‍್ಯಾಂಕಿಂಗ್ ಟೂರ್ನಮೆಂಟ್.

ಇಲ್ಲಿಂದ ಆಟದ ಸ್ವರೂಪವೇ ಬೇರೆ. ಟೂರ್ನಮೆಂಟ್ ಹೆಚ್ಚಿನವು ಬೆಂಗಳೂರಲ್ಲಿ, ಇಲ್ಲಿಂದ ಸುಮಾರು 300 ಕಿಲೋಮೀಟರ್. ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹತ್ತಿ, ಬೆಳಕು ಹರಿಯುವ ಮೊದಲೇ ಇಳಿದು, ಮುಖ ತೊಳೆದು, ಎರಡು ಇಡ್ಲಿ ತಿನ್ನಿಸಿ, ಆಟೋ ಹಿಡಿದು ಹಾಲ್‌ಗೆ ಹೋಗಿ ರಿಪೋರ್ಟ್ ಮಾಡಿ ಕೂತರೆ, ಅವಳ ಮ್ಯಾಚ್ ಹನ್ನೊಂದಕ್ಕೋ ಮೂರಕ್ಕೋ ಯಾರಿಗೂ ಗೊತ್ತಿರುವುದಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಶಿವಮೊಗ್ಗ 600ಕ್ಕಿಂತ ಕೆಳಗೆ. ಎತ್ತರದಲ್ಲಿ ಗಾಳಿ ತೆಳು, ಶಟಲ್ ಸ್ವಲ್ಪ ಜಾಸ್ತಿ ಓಡುತ್ತದೆ. ಅದಕ್ಕೆ ತಕ್ಕ ಸ್ಪೀಡ್ ನಂಬರಿನ ಶಟಲ್ ಬಳಸುತ್ತಾರೆ ನಿಜ, ಆದರೂ ಇಲ್ಲಿ ಬ್ಯಾಕ್ ಲೈನ್ ಮೇಲೆ ಬೀಳುವ ಟಾಸ್ (ಎತ್ತರಕ್ಕೆ, ಹಿಂದಕ್ಕೆ ಕಳಿಸುವ ಹೊಡೆತ) ಅಲ್ಲಿ ಹೊರಗೆ ಹೋಗುತ್ತಿತ್ತು. ಅಲ್ಲಿನ ಹಾಲ್, ಅಲ್ಲಿನ ಲೈಟು, ಅಲ್ಲಿನ ಶಟಲ್ ಅವಳ ಕೈಗೆ ಹತ್ತುವಷ್ಟರಲ್ಲಿ ಮೊದಲ ಗೇಮ್ ಮುಗಿದಿರುತ್ತಿತ್ತು.

ಮತ್ತೆ ಇದು ನಾಕೌಟ್. 64 ಮಕ್ಕಳ ಡ್ರಾ (ಯಾರಿಗೆ ಯಾರು ಎದುರಾಳಿ ಅನ್ನುವ ಪಟ್ಟಿ) ಅಂದರೆ ಮೊದಲ ರೌಂಡ್ ಮುಗಿದಾಗ 32 ಮಕ್ಕಳ ಟೂರ್ನಮೆಂಟೇ ಮುಗಿಯಿತು. ಕೊನೆಗೆ 63 ಮಕ್ಕಳು ಸೋತೇ ಮನೆಗೆ ಹೋಗಬೇಕು, ಲೆಕ್ಕವೇ ಹಾಗಿದೆ. ರ‍್ಯಾಂಕಿಂಗ್ ಇಲ್ಲದ ಮಕ್ಕಳು ಅದಕ್ಕೂ ಮೊದಲು ಕ್ವಾಲಿಫೈಯಿಂಗ್ ಆಡಬೇಕು, ಮೇನ್ ಡ್ರಾಕ್ಕೆ ಬಂದರೆ ಮೊದಲ ರೌಂಡಿನಲ್ಲೇ ಸೀಡ್, ಅಂದರೆ ಮೇಲಿನ ರ‍್ಯಾಂಕಿನ ಮಗು, ಎದುರಾಗಬಹುದು. ಬೆಂಗಳೂರಿನ ದೊಡ್ಡ ಅಕಾಡೆಮಿಯ ಮಗುವಿಗೆ ದಿನಾ ಒಳ್ಳೆಯ ಎದುರಾಳಿಗಳು ಸಿಗುತ್ತಾರೆ, ಟೂರ್ನಮೆಂಟಿನಲ್ಲೂ ಜಾಸ್ತಿ ಮ್ಯಾಚ್ ಸಿಗುತ್ತದೆ. ನಮ್ಮ ಊರಿನ ಮಗುವಿಗೆ ಎರಡೂ ಇಲ್ಲ. ಯಾರಿಗೆ ಮ್ಯಾಚ್ ಅನುಭವ ಹೆಚ್ಚು ಬೇಕೋ ಅವರಿಗೇ ಕಡಿಮೆ. ಹದಿಮೂರರ ಒಳಗಿನ, ಹದಿನೈದರ ಒಳಗಿನ ಮಕ್ಕಳಿಗಾದರೂ ಲೀಗ್ ಥರ ಮಾಡಿ, ದೂರದಿಂದ ಬಂದ ಮಗುವಿಗೆ ಮೂರು ನಾಲ್ಕು ಮ್ಯಾಚಾದರೂ ಆಡೋಕೆ ಕೊಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ರಾತ್ರಿಯಿಡೀ ರೈಲಿನಲ್ಲಿ ಬಂದು ಅರ್ಧ ಗಂಟೆ ಆಡಿ ವಾಪಸ್ ಹೋಗುವುದರಿಂದ ಮಗು ಏನು ಕಲಿಯುತ್ತದೆ ಹೇಳಿ.

ಇನ್ನೊಂದು ವಿಷಯ, ಹುಟ್ಟಿದ ತಿಂಗಳು. ವಯಸ್ಸಿನ ಲೆಕ್ಕ ಜನವರಿ 1ಕ್ಕೆ ಹಾಕುತ್ತಾರೆ. ನನ್ನ ಮಗಳು ನವೆಂಬರ್‌ನವಳು. ಅದೇ ವರ್ಷ ಜನವರಿಯಲ್ಲಿ ಹುಟ್ಟಿದ ಮಗು ಅವಳಿಗಿಂತ ಹತ್ತು ತಿಂಗಳು ದೊಡ್ಡದು, ಆದರೆ ಇಬ್ಬರೂ ಒಂದೇ ಗುಂಪು. ಹನ್ನೆರಡು ಹದಿಮೂರರಲ್ಲಿ ಹತ್ತು ತಿಂಗಳು ಅಂದರೆ ಎಷ್ಟು ಎತ್ತರ, ಎಷ್ಟು ಶಕ್ತಿ! ಬೇರೆ ಬೇರೆ ಆಟಗಳಲ್ಲಿ ಸಂಶೋಧಕರು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಚಿಕ್ಕ ವಯಸ್ಸಿನ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಜಾಸ್ತಿ. ಇದು ಪ್ರತಿಭೆಯ ಲೆಕ್ಕ ಅಲ್ಲ, ಕ್ಯಾಲೆಂಡರಿನ ಲೆಕ್ಕ. ನಿಮ್ಮ ಮಗು ಅಕ್ಟೋಬರ್, ನವೆಂಬರ್, ಡಿಸೆಂಬರ್‌ನದಾಗಿದ್ದರೆ ಹದಿಮೂರರಲ್ಲಿ ಸೋಲುತ್ತಿದೆ ಅನ್ನುವ ಒಂದೇ ಕಾರಣಕ್ಕೆ ದಯವಿಟ್ಟು ಬಿಡಿಸಬೇಡಿ.

ಸರಿ, ಅವಳು ಮೊದಲ ಸಲ ಬಾಯಿ ಬಿಟ್ಟಿದ್ದು ಅಂಥ ಒಂದು ಟೂರ್ನಮೆಂಟಿನಿಂದ ವಾಪಸ್ ಬರುವಾಗ, ತರೀಕೆರೆ ದಾಟಿದ ಮೇಲೆ. "ಅಮ್ಮಾ, ನಂಗೆ ಇದು ಸಾಕು" ಅಂದಳು. ಮನೆಯವರು ನನ್ನ ಮುಖ ನೋಡಿದರು. ನಾನು "ಆಯ್ತು ಪುಟ್ಟಿ, ಕೇಳಿಸ್ತು. ಈ ವಾರ ಏನೂ ತೀರ್ಮಾನ ಮಾಡೋದು ಬೇಡ, ಆದ್ರೆ ಮರೆಯಲ್ಲ" ಅಂದೆ. ಸೋತ ವಾರದಲ್ಲಿ ತೀರ್ಮಾನ ಇಲ್ಲ, ಗೆದ್ದ ವಾರದಲ್ಲೂ ಇಲ್ಲ ಅಂತ ನಾವಿಬ್ಬರೂ ಅವತ್ತು ರಾತ್ರಿ ಮಾತಾಡಿಕೊಂಡೆವು. ಆಗಲೇ ಹೆಸರು ಕೊಟ್ಟಿದ್ದ ಟೂರ್ನಮೆಂಟ್‌ಗಳನ್ನು ಆಡಿ ಮುಗಿಸುವುದು, ಅಷ್ಟರಲ್ಲಿ ಒಂದೊಂದೇ ನೋಡುವುದು.

ಮೊದಲು ನೋಡಿದ್ದು ಮೈ. ಅವಳು ಮೊಣಕಾಲು ನೋವು ಅಂತ ಆಗಾಗ ಹೇಳುತ್ತಿದ್ದಳು. ಚಿಪ್ಪಿನ ಕೆಳಗೆ ಸಣ್ಣ ಗಂಟಿನ ಹಾಗೆ ಉಬ್ಬಿತ್ತು, ಒತ್ತಿದರೆ ನೋವು, ಮೆಟ್ಟಿಲು ಹತ್ತುವಾಗ ನೋವು, ಜಂಪ್ ಸ್ಮ್ಯಾಶ್ ಆದ ಮೇಲಂತೂ ಕುಂಟುತ್ತಿದ್ದಳು. ಮೂಳೆ ಡಾಕ್ಟರ್ ನೋಡಿ ಆಸ್‌ಗುಡ್-ಶ್ಲಾಟರ್ ಅಂದರು. ಹೆಸರು ಕೇಳಿ ಗಾಬರಿ ಆಗಬೇಡಿ, ಬೆಳೆಯುವ ವಯಸ್ಸಿನ ಆಟಗಾರ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ತೊಡೆಯ ಮುಂದಿನ ದೊಡ್ಡ ಸ್ನಾಯು ಚಿಪ್ಪಿನ ಮೂಲಕ ಬಂದು ಮೊಣಕಾಲಿನ ಕೆಳಗಿನ ಮೂಳೆಗೆ ಅಂಟಿಕೊಳ್ಳುವ ಜಾಗ ಇನ್ನೂ ಗಟ್ಟಿ ಆಗಿರುವುದಿಲ್ಲ. ಹಾರುವಾಗ, ಓಡಿ ತಟ್ಟನೆ ನಿಲ್ಲುವಾಗ ಆ ಜಾಗವನ್ನು ಸ್ನಾಯು ಮತ್ತೆ ಮತ್ತೆ ಎಳೆಯುತ್ತದೆ, ಅಲ್ಲಿ ಉರಿ ಬರುತ್ತದೆ. ಎತ್ತರ ಬೇಗ ಬೇಗ ಬೆಳೆಯುವ ಕಾಲದಲ್ಲಿ ಜಾಸ್ತಿ. ಬೆಳವಣಿಗೆ ಮುಗಿದ ಮೇಲೆ ಹೆಚ್ಚಿನ ಮಕ್ಕಳಿಗೆ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಜಿಗಿತ ಕಡಿಮೆ ಮಾಡಬೇಕು, ಐಸ್ ಇಡಬೇಕು, ತೊಡೆಯ ಸ್ಟ್ರೆಚಿಂಗ್ ತಪ್ಪದೆ ಮಾಡಬೇಕು. ಹಿಮ್ಮಡಿಯಲ್ಲೂ ಇದೇ ಥರದ ನೋವು ಬರುವ ಮಕ್ಕಳಿದ್ದಾರೆ. "ನೋವು ತಿಂದರೇ ಆಟಗಾರ್ತಿ ಆಗೋದು" ಅನ್ನುವ ಮಾತು ನಮ್ಮ ಕ್ರೀಡಾಂಗಣಗಳಲ್ಲಿ ಬಹಳ ಓಡಾಡುತ್ತದೆ. ಸುಸ್ತು ಬೇರೆ, ಒಂದೇ ಜಾಗದ ನೋವು ಬೇರೆ. ಬೆಳೆಯುವ ಮಗುವಿನ ವಿಷಯದಲ್ಲಿ ಎರಡನ್ನೂ ಬೆರೆಸಬಾರದು.

ಆಮೇಲೆ ರಕ್ತ. ಅವಳಿಗೆ ಆ ವರ್ಷವೇ ಮುಟ್ಟು ಶುರುವಾಗಿತ್ತು. ಎರಡನೇ ಗೇಮ್ ಅರ್ಧಕ್ಕೆ ಬರುವಾಗ ಕಾಲು ಎಳೆಯುತ್ತಿತ್ತು. ನೋಡುವವರಿಗೆ ಅದು ಮನಸ್ಸಿಲ್ಲದ ಆಟದ ಹಾಗೆ ಕಾಣುತ್ತದೆ. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗೆ, ಕಬ್ಬಿಣದ ಅಂಶ ಕಡಿಮೆ. ನಮ್ಮ ದೇಶದಲ್ಲಿ ಇದು ಅಪರೂಪವೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಜಾಸ್ತಿ! ಡಾಕ್ಟರ್ ಹೇಳಿದ ಮಾತ್ರೆ, ಅದನ್ನು ನಿಂಬೆ ಪಾನಕದ ಜೊತೆ ಕೊಡುವುದು, ಕಾಫಿ ಜೊತೆ ಕೊಡದೇ ಇರುವುದು, ಬಸಳೆ, ಹುರುಳಿ ಸಾರು, ಹೆಸರುಕಾಳು ಅಂತ ಊಟ ಸರಿ ಮಾಡುವುದು, ಇಷ್ಟರಲ್ಲೇ ಕೆಲವು ತಿಂಗಳಲ್ಲಿ ಬಣ್ಣ ಬಂತು. ಮಗಳು ಆಟದಲ್ಲಿ "ಸೋಮಾರಿ ಆಗಿದ್ದಾಳೆ" ಅಂತ ಅನಿಸಿದರೆ ಬೈಯುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ. ಇದನ್ನು ನಾನು ಸಿಕ್ಕಿದ ತಾಯಂದಿರಿಗೆಲ್ಲ ಹೇಳುತ್ತಿದ್ದೇನೆ.

ಮುಟ್ಟಿನ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಬೇಕು. ಹನ್ನೆರಡು ಹದಿಮೂರರಲ್ಲಿ ನಮ್ಮ ಬ್ಯಾಚಿನ ಹುಡುಗಿಯರು ಒಬ್ಬೊಬ್ಬರೇ ಕಾಣೆಯಾದರು. ಯಾರೂ ಕಾರಣ ಹೇಳುವುದಿಲ್ಲ. ಟೂರ್ನಮೆಂಟ್ ನಡೆಯುವ ಕೆಲವು ಹಾಲ್‌ಗಳಲ್ಲಿ ಹುಡುಗಿಯರ ಟಾಯ್ಲೆಟ್‌ಗೆ ಚಿಲಕ ಇಲ್ಲ, ನೀರಿಲ್ಲ, ಪ್ಯಾಡ್ ಹಾಕೋಕೆ ಡಬ್ಬಿ ಇಲ್ಲ. ಬೆಳಿಗ್ಗೆ ಆರರಿಂದ ಸಂಜೆವರೆಗೆ ಅಲ್ಲಿ ಕೂರಬೇಕು. ಈ ಕಾರಣಕ್ಕೆ ಆಟ ಬಿಡುವ ಮಗುವನ್ನು "ಇಂಟರೆಸ್ಟ್ ಹೋಯ್ತು" ಅನ್ನುತ್ತಾರಲ್ಲ, ನನಗೆ ತುಂಬಾ ಸಿಟ್ಟು ಬರುತ್ತದೆ. ಇಂಟರೆಸ್ಟ್ ಹೋಗಲಿಲ್ಲ, ಅವಳಿಗೆ ಅಲ್ಲಿ ಜಾಗ ಕೊಡಲಿಲ್ಲ.

ಕಾಲಿಗೆ ರೆಸ್ಟ್ ಬೇಕು ಅಂತ ಡಾಕ್ಟರ್ ಹೇಳಿದ್ದರಿಂದ ಮಳೆಗಾಲದಲ್ಲಿ ಬ್ಯಾಡ್ಮಿಂಟನ್ ಪೂರ್ತಿ ನಿಲ್ಲಿಸಿದೆವು. ಈ ನಿಲ್ಲಿಸುವುದಕ್ಕೂ ಧೈರ್ಯ ಬೇಕು. ಬೇರೆ ಮಕ್ಕಳು ಮುಂದೆ ಹೋಗ್ತಾರೆ ಅನ್ನುವ ಭಯ ಅಪ್ಪ ಅಮ್ಮಂದಿರಿಗೇ ಜಾಸ್ತಿ. ಆದರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅನ್ನುವ ಮಕ್ಕಳ ವೈದ್ಯರ ಸಂಘ 2016ರ ವರದಿಯಲ್ಲಿ ಹೇಳಿರುವುದನ್ನು ಓದಿ. ವಾರಕ್ಕೆ ಒಂದೆರಡು ದಿನ ಆಟಕ್ಕೆ ರಜೆ. ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ದೂರ, ಬೇಕಾದರೆ ಒಂದೊಂದು ತಿಂಗಳಾಗಿ ಹಂಚಿಕೊಳ್ಳಬಹುದು. ಒಂದೇ ಆಟಕ್ಕೆ ಕಟ್ಟುಬೀಳುವುದನ್ನು 15-16 ವರ್ಷದ ತನಕ ಮುಂದೂಡಿದರೆ ಹೆಚ್ಚಿನ ಆಟಗಳಲ್ಲಿ ಒಳ್ಳೆಯದು. ನಮ್ಮಲ್ಲಿ ಒಂಬತ್ತು ವರ್ಷದ ಮಗುವಿಗೆ ಭಾನುವಾರವೂ ಬ್ಯಾಚ್ ಇರುತ್ತದೆ.

ಆ ರಜೆಯಲ್ಲಿ ಶನಿವಾರ ಭಾನುವಾರ ಹೊಸನಗರದ ಕಡೆ ಅಜ್ಜನ ಮನೆಗೆ ಹೋಗುತ್ತಿದ್ದಳು. ಶಾಲೆಯಲ್ಲಿ ಹುಡುಗಿಯರ ಜೊತೆ ಥ್ರೋಬಾಲ್ ಆಡಿದಳು. ನಿದ್ದೆ ಮಾಡಿದಳು, ಅದೇ ದೊಡ್ಡದು. ಬ್ಯಾಡ್ಮಿಂಟನ್ ಬಗ್ಗೆ ನಾವು ಮಾತೆತ್ತಲಿಲ್ಲ. ಬ್ಯಾಟ್ ತಾನಾಗಿ ಹಿಡಿಯುತ್ತಾಳಾ ಅಂತ ಮನೆಯವರು ದಿನಾ ನೋಡುತ್ತಿದ್ದರು, ನನಗೆ ಗೊತ್ತಾಗುತ್ತಿತ್ತು.

ಇಲ್ಲಿ ನಮ್ಮ ಬಡಾವಣೆಯ ಒಬ್ಬ ಹುಡುಗನ ವಿಷಯ ಹೇಳಲೇಬೇಕು, ಯಾಕೆಂದರೆ ಇದೇ ರೀತಿ ನೋಡಿದಾಗ ಅವನ ಉತ್ತರ ಉಲ್ಟಾ ಬಂತು. ಖೋಖೋ ಆಡುತ್ತಿದ್ದ. ಹೋಬಳಿ, ತಾಲೂಕು, ಜಿಲ್ಲೆ ದಾಟಿ ವಿಭಾಗ ಮಟ್ಟಕ್ಕೆ ಹೋದವನು ಒಂದು ದಿನ ಶೂ ಬಿಸಾಕಿ "ನಾ ಹೋಗಲ್ಲ" ಅಂದ. ಅವನಮ್ಮ ಸುಮ್ಮನೆ ಕೂತು ಮೆಲ್ಲಗೆ ಕೇಳಿದ್ದಕ್ಕೆ ಗೊತ್ತಾಗಿದ್ದು ಏನು ಅಂದರೆ, ದೊಡ್ಡ ಹುಡುಗರು ಅವನ ಧ್ವನಿಯನ್ನು ಅಣಕಿಸುತ್ತಿದ್ದರು, ಬಟ್ಟೆ ಬದಲಾಯಿಸುವಾಗ ಕೀಟಲೆ ಮಾಡುತ್ತಿದ್ದರು. ಪಿಟಿ ಮೇಷ್ಟ್ರಿಗೆ ಹೇಳಿದರು, ಅವರು ಅದನ್ನು ಗಂಭೀರವಾಗಿ ತೆಗೆದುಕೊಂಡು ಆ ಹುಡುಗರ ಜೊತೆ ಮಾತಾಡಿದರು, ಪ್ರಾಕ್ಟೀಸ್ ಟೈಮ್ ಬೇರೆ ಮಾಡಿದರು. ಹುಡುಗ ವಾಪಸ್ ಹೋದ. ಈಗಲೂ ಆಡುತ್ತಿದ್ದಾನೆ, ಕಂಬದ ಹತ್ತಿರ ಹಾರಿ ಔಟ್ ಮಾಡುವ ಪೋಲ್ ಡೈವ್ ಹೊಡೆಯುವುದನ್ನು ನೋಡಿದರೆ ಮೈ ಜುಂ ಅನ್ನುತ್ತದೆ. ಅವನು "ನಾ ಹೋಗಲ್ಲ" ಅಂದ ದಿನವೇ ಆ ತಾಯಿ "ಮಕ್ಕಳ ಇಷ್ಟ" ಅಂತ ಬಿಡಿಸಿದ್ದರೆ ಅವನು ಪ್ರೀತಿಸುವ ಆಟವನ್ನೇ ಕಳೆದುಕೊಳ್ಳುತ್ತಿದ್ದ. ಹಾಗೇ, ಕಾರಣ ಕೇಳದೆ ಬೈದು ಕಳಿಸಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು.

ಹಾಗಾಗಿ ನಾವೂ ಕೇಳಿದೆವು. ಸರ್ ಬೈತಾರಾ? ಯಾರಾದರೂ ಏನಾದರೂ ಅಂದರಾ? ಯಾರಾದರೂ ಮುಟ್ಟಿದರಾ? ಈ ಕೊನೆಯ ಪ್ರಶ್ನೆ ಕೇಳೋಕೆ ನಾಲಿಗೆ ಏಳುವುದಿಲ್ಲ, ಆದರೂ ಕೇಳಬೇಕು, ನೇರವಾಗಿ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ. ಅದರಲ್ಲಿ ಏನಾದರೂ ಇದ್ದರೆ ಈ ಬರಹದ ಉಳಿದ ಯಾವ ಮಾತೂ ಬೇಡ, ಅವತ್ತೇ ಆ ಜಾಗದಿಂದ ಬಿಡಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಮ್ಮ ಮಗಳಿಗೆ ಅಂಥದ್ದೇನೂ ಇರಲಿಲ್ಲ. ಸರ್ ಒಳ್ಳೆಯವರು. ಅವಳಿಗೆ ಇದ್ದಿದ್ದು ಬೇರೆ.

ಅದು ನಿಧಾನಕ್ಕೆ ಹೊರಗೆ ಬಂತು. ಮೊಣಕಾಲು ಸರಿಯಾಗಿತ್ತು, ರಕ್ತ ಸರಿಯಾಗಿತ್ತು, ವಾಪಸ್ ಪ್ರಾಕ್ಟೀಸ್‌ಗೆ ಹೋಗೋಕೆ ಶುರು ಮಾಡಿದ್ದಳು. ಸರ್ ಅವಳನ್ನು ಒತ್ತಾಯ ಮಾಡದೆ ಮೆಲ್ಲಗೆ ಆಡಿಸುತ್ತಿದ್ದರು. ಆಟ ಚೆನ್ನಾಗೇ ಇತ್ತು. ಆದರೆ ಟೂರ್ನಮೆಂಟಿನ ಡ್ರಾ ಬಂದ ಕೂಡಲೇ ಹೊಟ್ಟೆನೋವು. ಊಟ ಸೇರಲ್ಲ. ಮೊಬೈಲಿನಲ್ಲಿ ಎದುರಾಳಿಯ ಹಳೆಯ ಸ್ಕೋರ್ ಹುಡುಕಿ ಹುಡುಕಿ ನೋಡುವುದು. ರಾತ್ರಿ ಎದ್ದು ಬಂದು ನನ್ನ ಪಕ್ಕ ಮಲಗುವುದು. ಸ್ವಲ್ಪ ಭಯ ಎಲ್ಲ ಆಟಗಾರರಿಗೂ ಇರುತ್ತದೆ, ಕೋರ್ಟಿಗೆ ಇಳಿದ ಮೇಲೆ ಹೋಗುತ್ತದೆ ಅಂತಾರೆ. ಇವಳಿಗೆ ಹೋಗುತ್ತಿರಲಿಲ್ಲ. ಗೆದ್ದರೂ ಹೋಗುತ್ತಿರಲಿಲ್ಲ. ನಾನು ಗಮನಿಸಿದ್ದು ಇದನ್ನೇ. ಒಂದು ಟೂರ್ನಮೆಂಟಿನಲ್ಲಿ ತನಗಿಂತ ಮೇಲಿನ ರ‍್ಯಾಂಕಿನ ಹುಡುಗಿಯನ್ನು ಮೂರು ಗೇಮಿನಲ್ಲಿ ಸೋಲಿಸಿದಳು. ಹೊರಗೆ ಬಂದವಳ ಮುಖದಲ್ಲಿ ಖುಷಿ ಇರಲಿಲ್ಲ. "ಹಾಗಾದ್ರೆ ನಾಳೆನೂ ಆಡ್ಬೇಕಾ?" ಅಂದಳು.

ಸೋತು ಬಂದ ಮಗು ಬಿಡ್ತೀನಿ ಅಂದರೆ ಕಾಯಬಹುದು. ಗೆದ್ದು ಬಂದ ಮಗು ಹೀಗೆ ಕೇಳಿದರೆ ಅದನ್ನು ಕಿವಿಗೆ ಹಾಕಿಕೊಳ್ಳಬೇಕು.

ಈಗ ಮನೆಯ ಹಿರಿಯರ ಮಾತಿಗೆ ಬರುತ್ತೇನೆ. ನಮ್ಮ ಮಾವನಿಗೆ ಮೊಮ್ಮಗಳ ಆಟ ಅಂದರೆ ಪ್ರಾಣ. ಪೇಪರಿನಲ್ಲಿ ಅವಳ ಹೆಸರು ಬಂದಿದ್ದನ್ನೆಲ್ಲ ಕತ್ತರಿಸಿ ಇಟ್ಟಿದ್ದಾರೆ. ವಿಷಯ ಕೇಳಿ ಅವರಿಗೆ ತುಂಬಾ ಬೇಜಾರಾಯಿತು. "ನಮ್ಮ ಭದ್ರಾವತಿಯ ವಿಶ್ವನಾಥ್ ಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ ಹೊಡೆದ್ರಲ್ಲಾ, ಬಿಟ್ಟು ಬಂದ್ರಾ? ಎರಡನೇ ಇನ್ನಿಂಗ್ಸ್‌ನಲ್ಲಿ 137!" ಅಂದರು. 1969, ಕಾನ್ಪುರ, ಆಸ್ಟ್ರೇಲಿಯಾ ವಿರುದ್ಧ. ಮಾವ ಹೇಳುವುದು ಪೂರ್ತಿ ನಿಜ. ಪ್ರಕಾಶ್ ಪಡುಕೋಣೆ ಕೂಡ ಹಾಗೇ, 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಮೆಂಟಿನ ಮೊದಲ ರೌಂಡಿನಲ್ಲೇ ಸೋತವರು, ಎರಡು ವರ್ಷಕ್ಕೆ ಅದೇ ಪ್ರಶಸ್ತಿ ಗೆದ್ದರು, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅವರು ಪ್ರಾಕ್ಟೀಸ್ ಮಾಡುತ್ತಿದ್ದುದು ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ, ಮದುವೆ ನಡೆಯುವ ಹಾಲ್‌ನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ಈ ಕತೆಗಳು ನನಗೂ ಇಷ್ಟ, ಮಗಳಿಗೆ ನಾನೇ ಹೇಳಿದ್ದೇನೆ.

ಆದರೆ ಇವು ಸೋಲಿನ ಬಗ್ಗೆ ಹೇಳುತ್ತವೆ. ನನ್ನ ಮಗಳ ತೊಂದರೆ ಸೋಲು ಅಲ್ಲ. ಮತ್ತೆ ನಮಗೆ ಸಿಗುವುದು ಮುಂದುವರಿಸಿ ಗೆದ್ದವರ ಕತೆ ಮಾತ್ರ. ಮುಂದುವರಿಸಿ ಹದಿನೇಳಕ್ಕೆ ಬಳಲಿ ಬ್ಯಾಟ್ ಮುಟ್ಟದೇ ಹೋದವರ ಕತೆ ಯಾವ ಪೇಪರಿನಲ್ಲೂ ಬರುವುದಿಲ್ಲ. ಬಿಟ್ಟು ಚೆನ್ನಾಗಿ ಬದುಕಿದವರ ಕತೆಯೂ ಅಷ್ಟಾಗಿ ಬರುವುದಿಲ್ಲ. ಬೆಂಗಳೂರಿನ ಈಜುಗಾರ್ತಿ ಶಿಖಾ ಟಂಡನ್ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋಗಿ ಬಂದವರು, ಆಮೇಲೆ ವಿಜ್ಞಾನ ಓದಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಟೆನಿಸ್‌ನ ಆಶ್ಲಿ ಬಾರ್ಟಿ ಹದಿನೈದನೇ ವಯಸ್ಸಿಗೆ ಜೂನಿಯರ್ ವಿಂಬಲ್ಡನ್ ಗೆದ್ದವಳು, 2014ರಲ್ಲಿ ಟೆನಿಸ್ ಬಿಟ್ಟಳು. ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿದಳು. 2016ರಲ್ಲಿ ತಾನಾಗಿ ವಾಪಸ್ ಬಂದಳು, 2019ರಲ್ಲಿ ಫ್ರೆಂಚ್ ಓಪನ್, 2021ರಲ್ಲಿ ವಿಂಬಲ್ಡನ್, 2022ರಲ್ಲಿ ಆಸ್ಟ್ರೇಲಿಯನ್ ಓಪನ್. ಅದೇ 2022ರ ಮಾರ್ಚ್‌ನಲ್ಲಿ, ಲೋಕದಲ್ಲಿ ನಂಬರ್ ಒನ್ ಆಗಿದ್ದಾಗಲೇ, 25ನೇ ವಯಸ್ಸಿನಲ್ಲಿ ಇನ್ನೊಂದು ಸಲ ಬಿಟ್ಟಳು. ನನ್ನ ಮಗಳು ವಾಪಸ್ ಬರುತ್ತಾಳೆ ಅಂತ ಆಸೆ ಇಟ್ಟುಕೊಂಡು ಇದನ್ನು ಹೇಳುತ್ತಿಲ್ಲ. ಬಿಟ್ಟ ಹುಡುಗಿಯನ್ನು ಸುತ್ತಲಿನವರು ನೆಮ್ಮದಿಯಾಗಿ ಬಿಟ್ಟಿರಲು ಬಿಡುವುದು ಎಷ್ಟು ಮುಖ್ಯ ಅಂತ ಹೇಳುತ್ತಿದ್ದೇನೆ.

ದುಡ್ಡಿನ ಮಾತು. "ಇಷ್ಟು ವರ್ಷ ಸುರಿದಿದ್ದು ನೀರಲ್ಲಿ ಹೋಮ ಆಯ್ತಲ್ಲ" ಅಂತ ಹೇಳಿದವರು ಕಡಿಮೆ ಇಲ್ಲ. ನಾನು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಲೆಕ್ಕ ನನಗೆ ಗೊತ್ತು. ಹೋದ ದುಡ್ಡು ಮುಂದುವರಿಸಿದರೂ ಬರಲ್ಲ, ಬಿಟ್ಟರೂ ಬರಲ್ಲ. ತೀರ್ಮಾನಕ್ಕೆ ಬೇಕಾಗಿದ್ದು ಮುಂದಿನ ವರ್ಷದ ದುಡ್ಡು, ಮುಂದಿನ ವರ್ಷದ ಸಮಯ. ಅದಕ್ಕಿಂತ ಮುಖ್ಯವಾಗಿ, ಅದು ಅವಳು ನಮ್ಮಿಂದ ತೆಗೆದುಕೊಂಡ ಸಾಲ ಅಲ್ಲ. ನಾವು ಖುಷಿಯಿಂದ ಕೊಟ್ಟಿದ್ದು. ನಮ್ಮ ಮನೆಯವರು ಸಿಟ್ಟು ಬಂದಾಗಲೂ ಒಂದು ಸಲವೂ ಖರ್ಚಿನ ಮಾತು ಅವಳ ಮುಂದೆ ಎತ್ತಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಸ್ಪೋರ್ಟ್ಸ್ ಕೋಟಾ ಅಂತ ಇನ್ನೊಂದು ಬರುತ್ತದೆ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ರೈಲ್ವೆಯಲ್ಲಿ ಇದೆ, ಪೊಲೀಸ್‌ನಲ್ಲಿ ಇದೆ. ಬಹಳ ಮಕ್ಕಳಿಗೆ ಅದರಿಂದ ಬದುಕು ಸಿಕ್ಕಿದೆ, ಅದನ್ನು ಹಗುರವಾಗಿ ಕಾಣಬಾರದು. ಕಬಡ್ಡಿ, ಅಥ್ಲೆಟಿಕ್ಸ್ ಆಡುವ ಎಷ್ಟೋ ಮನೆಗಳಿಗೆ ಅದೇ ದಾರಿ, ಅಲ್ಲಿ ತೀರ್ಮಾನದ ತೂಕವೇ ಬೇರೆ. ಆದರೆ ಕೋಟಾಕ್ಕೆ ಬೇಕಾಗುವುದು ದೊಡ್ಡ ಮಟ್ಟದ ಸಾಧನೆಯ ಸರ್ಟಿಫಿಕೇಟ್. ಹೊಟ್ಟೆನೋವು ಸಹಿಸಿಕೊಂಡು ಇನ್ನೂ ನಾಲ್ಕು ವರ್ಷ ಎಳೆದರೆ ಅದು ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆ ಯಾರೂ ಕೊಡುವುದಿಲ್ಲ. ಎಸ್ಸೆಸ್ಸೆಲ್ಸಿ ವಿಷಯಕ್ಕೂ ಅಷ್ಟೇ. "ಒಂಬತ್ತಕ್ಕೆ ಬಂದ್ಲು, ಹೇಗೂ ಬಿಡಿಸ್ಬೇಕಿತ್ತು ಬಿಡಿ" ಅಂತ ಸಮಾಧಾನ ಹೇಳಿದವರಿಗೆ ನಾನು ಒಪ್ಪಲಿಲ್ಲ. ಓದಿಗೋಸ್ಕರ ಬಿಡಿಸಿದ್ದಲ್ಲ. ಆಡಬೇಕು ಅಂತ ಆಸೆ ಇರುವ ಮಗುವನ್ನು ಹತ್ತನೇ ಕ್ಲಾಸಿನ ನೆಪದಲ್ಲಿ ಬಿಡಿಸುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ದಿನಕ್ಕೆ ಒಂದೂವರೆ ಗಂಟೆ ಬೆವರು ಹರಿಸಿದ ಮಗು ಓದುವುದಕ್ಕೂ ಚೆನ್ನಾಗಿ ಕೂರುತ್ತದೆ.

ಕೊನೆಯ ಮಾತುಕತೆ ಡಿಸೆಂಬರ್‌ನಲ್ಲಿ ಆಯಿತು. ಕೊಟ್ಟಿದ್ದ ಎಂಟ್ರಿಗಳೆಲ್ಲ ಮುಗಿದಿದ್ದವು, ಕೊನೆಯದರಲ್ಲಿ ಎರಡು ರೌಂಡ್ ಗೆದ್ದಿದ್ದಳು. ಸೋಲಿನ ಸಿಟ್ಟಿಲ್ಲ, ಮೈಯಲ್ಲಿ ನೋವಿಲ್ಲ. ಒಂದು ಹಾಳೆ ಕೊಟ್ಟು, ಬ್ಯಾಡ್ಮಿಂಟನ್‌ನಲ್ಲಿ ಏನೇನು ಇಷ್ಟ, ಏನೇನು ಬೇಡ ಬರಿ ಅಂದೆ. ಮಕ್ಕಳು ಬಾಯಲ್ಲಿ ಹೇಳದ್ದನ್ನು ಬರೆಯುತ್ತಾರೆ. ಇಷ್ಟದ ಕಡೆ ನೆಟ್ ಪ್ಲೇ, ಡಬಲ್ಸ್, ಸರ್, ಪ್ರಾಕ್ಟೀಸ್ ಆದ ಮೇಲೆ ಫ್ರೆಂಡ್ಸ್ ಜೊತೆ ಹೋಗಿ ತಿನ್ನೋ ಮಸಾಲೆ ಮಂಡಕ್ಕಿ ಅಂತ ಇತ್ತು. ಬೇಡದ ಕಡೆ ಒಂದೇ ಸಾಲು. "ಟೂರ್ನಮೆಂಟ್ ಇರೋ ತಿಂಗಳಲ್ಲಿ ನಾನು ನಾನಾಗಿ ಇರಲ್ಲ."

ಡಬಲ್ಸ್ ಮಾತ್ರ ಆಡ್ತೀಯಾ ಅಂತ ಅವರಪ್ಪ ಕೇಳಿದರು. ಕೇಳಬೇಕಾದ್ದೇ ಅದು. ನಮ್ಮ ಅಶ್ವಿನಿ ಪೊನ್ನಪ್ಪ ಡಬಲ್ಸ್ ಆಡಿಯೇ ಜ್ವಾಲಾ ಗುಟ್ಟಾ ಜೊತೆ 2010ರ ಕಾಮನ್‌ವೆಲ್ತ್ ಚಿನ್ನ, 2011ರ ವಿಶ್ವ ಚಾಂಪಿಯನ್‌ಶಿಪ್ ಕಂಚು ಗೆದ್ದಿದ್ದು. ಮಗಳು ಬಹಳ ಹೊತ್ತು ಯೋಚಿಸಿ "ಸಂಜೆ ಆಡ್ತೀನಿ ಅಪ್ಪ. ಟೂರ್ನಮೆಂಟ್ ಬೇಡ" ಅಂದಳು. ಮನೆಯವರು "ಆಯ್ತು ಮಗಾ" ಅಂದರು. ಅಷ್ಟೇ. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅಪ್ಪ ಅಮ್ಮನಿಗೂ ದುಃಖ ಆಗುತ್ತದೆ, ಅದು ತಪ್ಪಲ್ಲ. ಗ್ಯಾಲರಿಯಲ್ಲಿ ಕೂತು ಸ್ಕೋರ್ 20-20 ಆದಾಗ ಉಸಿರು ಹಿಡಿಯುತ್ತಿದ್ದೆವಲ್ಲ, ಆ ಬದುಕು ನಮ್ಮದೂ ಆಗಿತ್ತು. ಆದರೆ ಆ ದುಃಖವನ್ನು ನಾವಿಬ್ಬರೇ ಮಾತಾಡಿಕೊಳ್ಳಬೇಕು, ಅವಳ ಮುಂದೆ ಇಡಬಾರದು.

ಸರ್‌ಗೆ ಹೇಳಲು ಮೂವರೂ ಹೋದೆವು. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಇದು, ಸುಮ್ನೆ ಬ್ಯಾಚಿಗೆ ಹೋಗುವುದು ನಿಲ್ಲಿಸುವುದಂತೂ ಸಲ್ಲದು. ಆರು ವರ್ಷದ ಹತ್ತಿರ ಕಲಿಸಿದವರು. ಮಗಳೇ ಹೇಳಿದಳು, ಧ್ವನಿ ನಡುಗುತ್ತಿತ್ತು. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕ ಮಕ್ಕಳ ಬ್ಯಾಚಿಗೆ ಶನಿವಾರ ಶಟಲ್ ಫೀಡ್ ಮಾಡೋಕೆ ಬರ್ತೀಯಾ?" ಅಂತ ಕೇಳಿದರು. ಅವಳು ತಲೆಯಾಡಿಸಿದಳು.

ವಾಪಸ್ ಬರಬೇಕು ಅನಿಸಿದರೆ ಹೇಗೆ ಅನ್ನುವುದನ್ನೂ ಅವಳ ಜೊತೆ ಬಿಡಿಸಿ ಮಾತಾಡಿದ್ದೇವೆ. ಬರಬಹುದು. ಆದರೆ ರ‍್ಯಾಂಕಿಂಗ್ ಪಾಯಿಂಟ್ ಉಳಿದಿರುವುದಿಲ್ಲ, ಕ್ವಾಲಿಫೈಯಿಂಗ್‌ನಿಂದ ಶುರು, ಆಗ ಹದಿನೇಳರ ಒಳಗಿನ ಗುಂಪು, ಈಗ ಸೋಲಿಸುತ್ತಿದ್ದ ಹುಡುಗಿಯರು ಆಗ ಇವಳನ್ನು ಸೋಲಿಸಬಹುದು. "ಗೊತ್ತು ಅಮ್ಮ" ಅಂದಳು. ಮಾವ ಮಾತ್ರ ಇನ್ನೂ ಒಪ್ಪಿಲ್ಲ. ಪ್ರತಿ ಸಲ ಊರಿಗೆ ಹೋದಾಗ ಕೇಳುತ್ತಾರೆ, ಮತ್ತೆ ಯಾವಾಗಿಂದ ಶುರು ಅಂತ. ಹೋದ ಸಲ ನಾನೇ ಅವರ ಪಕ್ಕ ಕೂತು, ಮಾವ, ಇದನ್ನ ಅವಳ ಹತ್ರ ಕೇಳ್ಬೇಡಿ, ನನ್ನ ಹತ್ರ ಕೇಳಿ ಅಂದೆ. ಈಗ ನನ್ನ ಹತ್ತಿರ ಕೇಳುತ್ತಾರೆ.